ಮೆಟ್ಟಿಲ ಮಂದಿಯ ಮನವಿ

ಬೆಣಚಮರಡಿ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಆ ಶನಿವಾರ ಸೋತದ್ದು ಎಪ್ಪತ್ತೆಂಟು–ಹತ್ತೊಂಬತ್ತರಲ್ಲಿ. ಸೋಲು ಹೊಸದೇನಲ್ಲ. ಆ ವರ್ಷದ ಅಂತರ ಕಾಲೇಜು ಲೀಗಿನಲ್ಲಿ ಅದು ಸಾಲಾಗಿ ಹನ್ನೊಂದನೆಯದು. ಆದರೆ ಹತ್ತೊಂಬತ್ತು? ಸ್ವಂತ ಅಂಗಳದಲ್ಲಿ, ನಲವತ್ತು ನಿಮಿಷ ಓಡಾಡಿ, ಹತ್ತೊಂಬತ್ತು? ಕೋರ್ಟಿನ ಪಕ್ಕದ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತ ಮುನ್ನೂರು ಚಿಲ್ಲರೆ ಮಂದಿಗೆ ಕೊನೆಯ ಸೀಟಿ ಊದಿದ ಮೇಲೂ ಏಳಲು ಆಗಲಿಲ್ಲ. ಯಾರೋ ಕಪಾಳಕ್ಕೆ ಬಾರಿಸಿ ಹೋದಂತೆ ಸ್ಕೋರು ಬೋರ್ಡನ್ನೇ ನೋಡುತ್ತ ಕುಳಿತುಬಿಟ್ಟರು.

ಈ ಮೆಟ್ಟಿಲ ಮಂದಿ ಕಾಲೇಜಿನ ಬೆನ್ನಿಗಿರುವ ಮಾಳಮಡ್ಡಿ ಬಡಾವಣೆಯವರು. ಇವರಲ್ಲಿ ಮುಕ್ಕಾಲು ಪಾಲು ಜನ ಆ ಕಾಲೇಜಿನ ಹೊಸ್ತಿಲನ್ನು ಓದಲಿಕ್ಕೆಂದು ತುಳಿದವರಲ್ಲ. ಆದರೂ ಶನಿವಾರ ಸಂಜೆ ಐದಕ್ಕೆ ಮನೆಯಲ್ಲಿ ಬೀಗರು ಬಂದು ಕುಳಿತಿದ್ದರೂ ಎದ್ದು ಬರುವವರು. ತಂಡ ಗೆಲ್ಲುತ್ತಿದ್ದ ಕಾಲವೂ ಇತ್ತು, ಆಗಲೂ ಬೈಯುತ್ತಿದ್ದರು. ಗೆದ್ದರೆ ಇನ್ನೂ ಹತ್ತು ಪಾಯಿಂಟ್ ಯಾಕೆ ಹೊಡೆಯಲಿಲ್ಲ ಎಂದು, ಸೋತರೆ ಊರಿನ ಮಾನ ಕಳೆದಿರಿ ಎಂದು. ಬೈಯದೆ ಆಟ ನೋಡುವುದು ಅವರಿಗೆ ಉಪ್ಪಿಲ್ಲದ ಊಟ.

ಅವರ ನಡುವೆ, ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ಕೂಡುವವನು ಫಕೀರೇಶ. ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತನಾಲ್ಕು ವರ್ಷಗಳಿಂದ ಅರ್ಜಿ, ಮನವಿ, ಕರಾರುಪತ್ರ ಬರೆಯುತ್ತ ಬಂದವನು. ಪಕ್ಕದ ಮೇಜಿನ ಗುಲಾಬಸಾಬ ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ಎರಡು ನಿಮಿಷಕ್ಕೊಂದು ಅರ್ಜಿ ಹೊರಗೆಳೆದರೂ ಹಳ್ಳಿಯಿಂದ ಬಂದವರು ಫಕೀರೇಶನನ್ನೇ ಹುಡುಕಿ ಬರುತ್ತಿದ್ದರು. ಅದಕ್ಕೆ ಕಾರಣ ಅಕ್ಷರ ಮಾತ್ರವಲ್ಲ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿ ಹೇಳದೆ ಅವನು ಯಾರ ಸಹಿಯನ್ನೂ, ಹೆಬ್ಬೆಟ್ಟನ್ನೂ ಹಾಕಿಸಿಕೊಂಡವನಲ್ಲ. ಕೊನೆಗೆ ‘ಓದಿ ಹೇಳಿದೆ, ಸರಿ ಇದೆ ಎಂದು ಒಪ್ಪಿದ್ದಾರೆ’ ಎಂದು ಒಂದು ಸಾಲು ಬರೆದು, ಅದರ ಕೆಳಗೆ ಬಿಕ್ಕಲಂ ಎಂದು ತನ್ನ ಸಹಿ ಹಾಕುತ್ತಿದ್ದ. ಬರೆದವನ ಆ ಸಹಿ ಇದ್ದರೆ ಕಚೇರಿಯೊಳಗಿನ ಗುಮಾಸ್ತರು ಮರುಮಾತಾಡದೆ ಕಾಗದ ತೆಗೆದುಕೊಳ್ಳುತ್ತಿದ್ದರು.

ಆ ಸಂಜೆ ಮೊದಲು ಬಾಯಿ ಬಿಟ್ಟವಳು ಶಿವಬಸವ್ವ. ಹತ್ತಿ ದಲಾಲಿ ಅಂಗಡಿಯ ಯಜಮಾನಿ, ಅರವತ್ತೈದರ ಮೇಲಿನ ವಯಸ್ಸು, ಕಲ್ಲು ತಣ್ಣಗಾಗುತ್ತದೆಂದು ಮನೆಯಿಂದಲೇ ಮಡಿಚಿದ ಕಂಬಳಿ ತಂದು ಅದರ ಮೇಲೆ ಕೂಡುವವಳು. ತಪ್ಪೆಲ್ಲ ಕೋಚ್‌ನದು ಎಂದಳು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೋಚ್ ಕುಮಾರಸ್ವಾಮಿ ನಿಜದಲ್ಲಿ ಕಾಲೇಜಿನ ಗ್ರಂಥಪಾಲಕ. ಬೇರೆ ಯಾರೂ ಸಿಗದೆ ಅವರ ಕೊರಳಿಗೆ ಸೀಟಿ ಬಿದ್ದಿತ್ತು. ಟೈಮ್‌ಔಟ್ ತೆಗೆದುಕೊಂಡಾಗಲೂ ಪಾಪ, ಯಾರಾದರೂ ಓದುತ್ತ ಕುಳಿತಿರಬಹುದು ಎನ್ನುವ ಹಾಗೆ ಪಿಸುಗುಡುತ್ತಿದ್ದರು. ಹುಡುಗಿಯರಿಗೆ ಕೇಳಿಸುತ್ತಿರಲಿಲ್ಲ.

ಒಂದು ಮನವಿ ಕೊಟ್ಟೇಬಿಡೋಣ ಎಂದು ಯಾರೋ ಕೂಗಿದರು. ಎಲ್ಲರ ಕಣ್ಣೂ ಫಕೀರೇಶನ ಕಡೆ ತಿರುಗಿದವು. ಅವನ ಮೈಯೂ ಉರಿಯುತ್ತಿತ್ತು. ನಾಯಕಿ ಗುಲ್ನಾಜಳ ಕೈಯಿಂದ ಚೆಂಡು ಏಳು ಸಲ ಜಾರಿದ್ದನ್ನು ಎಣಿಸಿ ಕುಳಿತಿದ್ದ ಅವನು, ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಬರೆದ. ಕೋಚ್‌ರನ್ನು ಕೂಡಲೇ ಬದಲಿಸಬೇಕು ಎಂಬುದು ಮುಖ್ಯ ಬೇಡಿಕೆ. ಆದರೆ ಸರಕಾರಿ ಮೇಜುಗಳ ಗುಣ ಬಲ್ಲವನಲ್ಲವೇ? ದೊಡ್ಡದೊಂದನ್ನು ಕೇಳಿ ಹೆದರಿಸಿದರೆ ಸಣ್ಣದು ಸಿಗುತ್ತದೆ ಎಂಬುದು ಅವನ ಕಸುಬಿನ ಲೆಕ್ಕ. ಹಾಗಾಗಿ ಕೊನೆಗೆ ಇನ್ನೊಂದು ಸಾಲು ಸೇರಿಸಿದ: ‘ಇದು ಸಾಧ್ಯವಾಗದಿದ್ದಲ್ಲಿ, ಊರಿನ ಮಾನ ಕಳೆಯುತ್ತಿರುವ ಈ ತಂಡವನ್ನೇ ರದ್ದುಪಡಿಸಬೇಕಾಗಿ ವಿನಂತಿ.’

ಬರೆದು ಮುಗಿಸುವಷ್ಟರಲ್ಲಿ ಜನ ಮುಗಿಬಿದ್ದಿದ್ದರು. ಹಾಳೆಯನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡರು, ಪೆನ್ನು ಕೆಳಗಿನ ಮೆಟ್ಟಿಲಿನವರೆಗೆ ಹೋಗಿ ಬಂತು. ಹಿಂದೆ ಸೇರಿಸಿದ ಹಾಳೆಗಳೂ ತುಂಬಿ ಮುನ್ನೂರ ಹನ್ನೆರಡು ಸಹಿ. ಫಕೀರೇಶ ಆ ದಿನ ಓದಿ ಹೇಳಲಿಲ್ಲ. ಓದಿದ್ದರೂ ಆ ಗದ್ದಲದಲ್ಲಿ ಯಾರಿಗೆ ಕೇಳುತ್ತಿತ್ತು? ಆದರೆ ಕೈಗೆ ಮೂವತ್ತನಾಲ್ಕು ವರ್ಷದ ರೂಢಿ. ‘ಓದಿ ಹೇಳಿದೆ, ಸರಿ ಇದೆ ಎಂದು ಒಪ್ಪಿದ್ದಾರೆ’ ಎಂದು ತಾನಾಗಿಯೇ ಬರೆದು, ಕೆಳಗೆ ಬಿಕ್ಕಲಂ ಹಾಕಿಬಿಟ್ಟಿತು. ಸೋಮವಾರ ಬೆಳಿಗ್ಗೆ ನಾಲ್ಕು ಮಂದಿ ಹೋಗಿ ಅದನ್ನು ಪ್ರಿನ್ಸಿಪಾಲರಿಗೆ ಕೊಟ್ಟು, ಫೋಟೋ ತೆಗೆಸಿಕೊಂಡು ಬಂದರು.

ಒಂಬತ್ತನೆಯ ದಿನ ಮಧ್ಯಾಹ್ನ ಫಕೀರೇಶ ಒಬ್ಬ ರೈತನಿಗೆ ವಾರಸಾ ಅರ್ಜಿ ಬರೆಯುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಮೆಟ್ಟಿಲ ಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾಲೇಜಿನ ನೋಟೀಸ್ ಬೋರ್ಡಿನ ಫೋಟೋ ಬಂದಿತ್ತು. ಬೇರೆ ಕೋಚ್ ಲಭ್ಯವಿಲ್ಲದ ಕಾರಣ, ಸಾರ್ವಜನಿಕರ ಮನವಿಯ ಮೇರೆಗೆ, ಈ ಲೀಗ್ ಮುಗಿದೊಡನೆ ಬಾಸ್ಕೆಟ್‌ಬಾಲ್ ತಂಡವನ್ನು ರದ್ದುಪಡಿಸಲಾಗುವುದು. ಶುಕ್ರವಾರ ಆಡಳಿತ ಮಂಡಳಿ ಇದನ್ನು ಅಂತಿಮಗೊಳಿಸುವುದು.

ಅವನು ಮೂರು ಸಲ ಓದಿದ. ತನ್ನ ಇಡೀ ಜನ್ಮದಲ್ಲಿ ಬರೆದ ಮನವಿಗಳಲ್ಲಿ ಒಂದಾದರೂ ಒಂಬತ್ತು ದಿನಕ್ಕೆ ಮಂಜೂರಾಗಿತ್ತೇ? ಬೋರ್‌ವೆಲ್ಲಿಗೆ ಬರೆದದ್ದು ಆರು ವರ್ಷ ಹಿಡಿದಿತ್ತು. ಸ್ಮಶಾನದ ದಾರಿಗೆ ಬರೆದದ್ದು ಇನ್ನೂ ಬಂದಿಲ್ಲ. ಇದು ಮಾತ್ರ, ಅವನು ಸುಮ್ಮನೆ ಹೆದರಿಸಲು ಬರೆದ ಒಂದು ಸಾಲು, ಪೂರ್ತಿ ಮಂಜೂರು! ಎದುರು ಕುಳಿತ ರೈತನ ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಕಾಲೇಜಿಗೆ ಓಡಿದ.

ಪ್ರಿನ್ಸಿಪಾಲ್ ಯಜ್ಞೇಶ್ವರ ಸರ್ ಅವನನ್ನು ಕೂಡಿಸಿ, ಚಹಾ ತರಿಸಿದರು. ಕೋಪವಿರಲಿಲ್ಲ ಅವರಲ್ಲಿ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಆ ಕೋರ್ಟ್ ಮ್ಯಾಲ ಕಟ್ಟಡ ಕಟ್ಟೂಣು ಅಂತ ಮಂಡಳಿಯವ್ರು ಆರು ವರ್ಷದಿಂದ ಗಂಟು ಬಿದ್ದಾರ್ರಿ,” ಎಂದರು. “ಪ್ರತಿ ಸಲ ನಾ ಒಂದ ಮಾತು ಹೇಳ್ತಿದ್ದೆ. ಮಾಳಮಡ್ಡಿ ಮಂದಿ ಬಿಡಂಗಿಲ್ರಿ, ಬಂದು ಕೇಳ್ರಿ ಶನಿವಾರ ಹ್ಯಾಂಗ ಕೂಗ್ತಾರ ಅಂತ. ನಿಮ್ಮ ಕೂಗಾಟದ ಮ್ಯಾಲನ ಆ ಟೀಮ್ ನಿಂತಿತ್ತು. ಈಗ ನೀವ ಬರದು ಕೊಟ್ರಲ್ಲ, ನಾ ಏನ್ ಮಾಡ್ಲಿ?”

ಇಷ್ಟು ವರ್ಷ ತಾವು ಬೈದದ್ದು ತಂಡದ ತಲೆಯ ಮೇಲಿನ ಸೂರಾಗಿತ್ತು ಎಂಬುದು ಫಕೀರೇಶನ ಕನಸಿಗೂ ಬಂದಿರಲಿಲ್ಲ. ಮನವಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಅದಕ್ಕೆ ಸರ್ ತಲೆ ಅಲ್ಲಾಡಿಸಿದರು. ಮುನ್ನೂರ ಹನ್ನೆರಡು ಜನ ಕೇಳಿದ್ದನ್ನು ಒಬ್ಬ ಬಂದು ಬೇಡವೆಂದರೆ ಮಂಡಳಿ ನಗುತ್ತದೆ. ಮನವಿಯಲ್ಲೇ ದೋಷವಿದ್ದರೆ ಮಾತು ಬೇರೆ. ಆದರೆ ಅದರಲ್ಲಿ ದೋಷವೆಲ್ಲಿ, ಬಿಕ್ಕಲಂ ನಿಮ್ಮದೇ ಇದೆಯಲ್ಲ, ಎಂದು ಅವರು ಬಹಳ ಗೌರವದಿಂದಲೇ ಹೇಳಿದರು.

ದೋಷ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಓದಿ ಹೇಳದೆ ಓದಿ ಹೇಳಿದೆ ಎಂದು ಬರೆದವನು ಎಂದು ಒಮ್ಮೆ ಹೆಸರಾದರೆ, ಅವನು ಬರೆದ ಎಷ್ಟು ಕರಾರುಪತ್ರಗಳನ್ನು ಜನ ಮತ್ತೆ ಬಿಚ್ಚಿ ನೋಡಬಹುದು! ಯಾರು ತಾನೇ ಅವನ ಮೇಜಿನ ಮುಂದೆ ಹೆಬ್ಬೆಟ್ಟು ಚಾಚುತ್ತಾರೆ? ಚಹಾ ಹಾಗೆಯೇ ಬಿಟ್ಟು ಎದ್ದು ಬಂದ. ಅಂಜಿಬಿಟ್ಟಿದ್ದ, ಅಷ್ಟೇ.

ಮರುದಿನ, ಗುರುವಾರ, ಹನ್ನೊಂದರ ಹೊತ್ತಿಗೆ ಅವನ ಮೇಜಿನ ಮುಂದೆ ಬಂದು ನಿಂತವಳು ಗುಲ್ನಾಜ. ತೊಟ್ಟದ್ದು ತಂಡದ ನೀಲಿ ಅಂಗಿಯೇ. ಗೋಕುಲ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ಗೌಸಮೊದ್ದೀನನ ಮಗಳು ಅವಳು. ಹುಬ್ಬಳ್ಳಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದದ್ದು ಆಟಕ್ಕಾಗಿಯೇ. ಕಾಲೇಜಿನಿಂದ ಟಿ.ಸಿ. ಬೇಕು, ಒಂದು ಅರ್ಜಿ ಬರೆದುಕೊಡಿ ಎಂದಳು. ಮೆಟ್ಟಿಲ ಮೇಲೆ ಕೂಗುವ ಕಾಕಾ ಎಂದು ಮುಖ ಗುರುತಿತ್ತು. ಮನವಿ ಬರೆದವನು ಅವನೇ ಎಂದು ಗೊತ್ತಿದ್ದಂತೆ ಕಾಣಲಿಲ್ಲ.

ಫಕೀರೇಶ ತಲೆ ತಗ್ಗಿಸಿ ಬರೆದ. ಬರೆದಾದ ಮೇಲೆ ರೂಢಿಯಂತೆ ಓದತೊಡಗಿದ. ‘ತಂಡ ರದ್ದಾಗುತ್ತಿರುವ ಕಾರಣ’ ಎನ್ನುವಲ್ಲಿಗೆ ಬಂದು ನಿಂತ. ಇನ್ನೊಮ್ಮೆ ಮೊದಲಿನಿಂದ ಓದಿದ. ಅಲ್ಲಿಗೇ ಬಂದು ಮತ್ತೆ ನಿಂತ.

ಗುಲ್ನಾಜ ಅವನ ಮುಖವನ್ನೇ ನೋಡುತ್ತಿದ್ದಳು. “ನಾವು ಅಷ್ಟು ಕೆಟ್ಟ ಆಡ್ತೇವೇನ್ರಿ ಕಾಕಾ?” ಎಂದು ಕೇಳಿದಳು. “ಮುನ್ನೂರು ಮಂದಿ ಕುಂತು ಸಹಿ ಹಾಕೂವಷ್ಟು? ಬೈತಿದ್ರಿ, ಅದು ನಮಗ ಬ್ಯಾಸರ ಇರ್ಲಿಲ್ಲ. ನಮ್ಮವರು ಬೈತಾರ ಅಂತಿದ್ವಿ. ಇದು ಮಾತ್ರ ನಂಬಾಕ ಆಗವಲ್ದು.”

ಅಳುತ್ತಿರಲಿಲ್ಲ ಹುಡುಗಿ. ಸುಮ್ಮನೆ ಕೇಳಿದ್ದಳು, ದಿಕ್ಕು ತಪ್ಪಿದವರು ಬಸ್ಸಿನ ನಂಬರು ಕೇಳುವ ಹಾಗೆ. ಫಕೀರೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವಳ ಅರ್ಜಿಯನ್ನು ಎರಡು ತುಂಡು ಮಾಡಿ ಹರಿದ. ಇನ್ನೊಂದು ಹಾಳೆ ತೆಗೆದುಕೊಂಡು, ಈ ಸಲ ತನಗಾಗಿ ಬರೆದ. ಮನವಿಯನ್ನು ಬರೆದವನು ತಾನು. ಕೊನೆಯ ಸಾಲನ್ನು ಸಹಿ ಮಾಡಿದ ಯಾರಿಗೂ ಓದಿ ಹೇಳಿಲ್ಲ. ಓದಿ ಹೇಳಿದೆ ಎಂದು ಬರೆದದ್ದು ಸುಳ್ಳು. ಆ ಬಿಕ್ಕಲಂ ಸುಳ್ಳು. ಬರೆದು ಎದ್ದು ನಿಂತು ಓದಿದ. ಯಾವತ್ತಿನಂತೆ ಜೋರಾಗಿಯೇ ಓದಿದ. ಸರದಿಯಲ್ಲಿದ್ದ ಹಳ್ಳಿಯವರು, ಪಕ್ಕದ ಗುಲಾಬಸಾಬ, ಚಹಾದವನು, ಎಲ್ಲರೂ ಕೇಳಿದರು. ಗುಲಾಬಸಾಬನ ಪ್ರಿಂಟರು ಕೂಡ ಆ ಹೊತ್ತಿಗೆ ನಿಂತಿತ್ತು.

ಗುಲ್ನಾಜ ಒಂದು ಹೆಜ್ಜೆ ಹಿಂದೆ ಸರಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಹೆಜ್ಜೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಫಕೀರೇಶ ಒಯ್ದು ಕೊಟ್ಟ ಆ ಕಾಗದವನ್ನು ಶುಕ್ರವಾರದ ಸಭೆಯಲ್ಲಿ ಯಜ್ಞೇಶ್ವರ ಸರ್ ಮಂಡಳಿಯ ಮುಂದಿಟ್ಟರು. ಜನರನ್ನು ಕತ್ತಲಲ್ಲಿಟ್ಟು ಸಹಿ ಮಾಡಿಸಿದ ಮನವಿ ಮನವಿಯೇ ಅಲ್ಲ ಎಂದು ಮಂಡಳಿ ಅದನ್ನು ತಳ್ಳಿಹಾಕಿತು. ತಂಡಕ್ಕೆ ಒಂದು ವರ್ಷ ಜೀವ ಬಂತು. ಕಟ್ಟಡದ ಮಾತು ಮುಂದಿನ ವರ್ಷಕ್ಕೆ ಹೋಯಿತು. ಕೋಚ್ ಮಾತ್ರ ಕುಮಾರಸ್ವಾಮಿಯವರೇ ಉಳಿದರು.

ಫಕೀರೇಶನ ಮೇಜಿನ ಮುಂದೆ ಜನ ನಿಲ್ಲುವುದು ನಿಂತಿತು. ಯಾರೂ ಜಗಳ ತೆಗೆಯಲಿಲ್ಲ. ನಮಸ್ಕಾರ ಮಾಡಿ, ಮುಖ ಆ ಕಡೆ ಮಾಡಿಕೊಂಡು ಗುಲಾಬಸಾಬನ ಕಡೆ ನಡೆಯುತ್ತಿದ್ದರು. ಹತ್ತು ವರ್ಷದ ಹಿಂದೆ ಹಂಚಿಕೆ ಪತ್ರ ಬರೆಸಿದ್ದ ಅಣ್ಣತಮ್ಮಂದಿರು ಅದನ್ನು ಹೊತ್ತು ತಂದು, ಇದನ್ನಾದರೂ ಓದಿ ಹೇಳಿದ್ದಿರೋ ಇಲ್ಲವೋ ಎಂದು ಕೇಳಿದರು. ಅವನು ಹೌದೆಂದ. ಅವರು ನಂಬಲಿಲ್ಲ. ನೋವಾಗಿದ್ದು ನಿಜ. ಆದರೂ ತಾನು ಮುನ್ನೂರ ಹನ್ನೆರಡು ಜನ ನಿರಪರಾಧಿಗಳ ಮೇಲಿನ ಕಳಂಕ ತೆಗೆದೆ, ತಪ್ಪು ತನ್ನೊಬ್ಬನದೇ ಆಗಿತ್ತು ಎಂಬ ಒಂದು ಸಮಾಧಾನ ಅವನಿಗೆ ರಾತ್ರಿ ನಿದ್ದೆ ತರಿಸುತ್ತಿತ್ತು.

ಲೀಗಿನ ಕೊನೆಯ ಪಂದ್ಯಕ್ಕೆ ಅವನು ಹೋದ. ಹೋಗದಿರಲು ಆಗಲಿಲ್ಲ. ಮೆಟ್ಟಿಲುಗಳು ತುಂಬಿದ್ದವು. ಶಿವಬಸವ್ವ ಕಂಬಳಿಯ ಒಂದು ಮಡಿಕೆ ಬಿಚ್ಚಿ, ತನ್ನ ಪಕ್ಕದಲ್ಲೇ ಅವನಿಗೆ ಜಾಗ ಮಾಡಿಕೊಟ್ಟಳು. ಆಟ ಶುರುವಾದ ಸ್ವಲ್ಪ ಹೊತ್ತಿಗೆ, ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದಳು.

“ನೀವು ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ, ಫಕೀರೇಶಪ್ಪ,” ಎಂದಳು. “ಆ ಕಡೀ ಸಾಲು ನಾ ಓದೀನೇ ಸಹಿ ಮಾಡಿದ್ದು. ನನ್ನ ಆಚಿಗೀಚಿಗೆ ಕುಂತವ್ರೂ ಓದಿದ್ರು. ಬಂದ್ ಆದ್ರ ಆಗ್ಲಿ ಅಂದ್ವಿ. ಸಿಟ್ಟು ಅಷ್ಟು ಬಂದಿತ್ತು ಅವತ್ತು.”

ಅವನು ಆಕೆಯ ಮುಖ ನೋಡಿದ. ಸಮಾಧಾನ ಹೇಳುವ ಮುಖವೇ ಅದು, ಅದರಲ್ಲಿ ಕಪಟವಿರಲಿಲ್ಲ. ಹಿಂದೆ ತಿರುಗಿ ಸಾಲು ಸಾಲು ಮುಖಗಳನ್ನು ನೋಡಿದ. ಇವರಲ್ಲಿ ಎಷ್ಟು ಜನ ಓದಿದ್ದರು?

ಕೋರ್ಟಿನಲ್ಲಿ ಗುಲ್ನಾಜ ಫ್ರೀ ಥ್ರೋಗೆ ನಿಂತಿದ್ದಳು. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ಶಿವಬಸವ್ವ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಗಿಸಿ ಬೈಯಲು ಶುರು ಮಾಡಿದಳು. ಹಿಂದಿನಿಂದ ಇಡೀ ಮೆಟ್ಟಿಲು ದನಿಗೂಡಿಸಿತು. ಈ ಗದ್ದಲದ ನಡುವೆ ಮೂವತ್ತು ವರ್ಷ ಕುಳಿತಿದ್ದ ಫಕೀರೇಶನಿಗೆ ಇವತ್ತು ಮೊದಲ ಸಲ ಅದನ್ನು ಕೇಳಿ ಹೆದರಿಕೆಯಾಯಿತು.