ಅಳುವುದು ಕೇಳುವವರ ಕೆಲಸ

ಸತ್ತಿದ್ದ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಹುಲುಗಣ್ಣ ಹೊಸ್ತಿಲ ಮೇಲೇ ನಿಂತ. ಒಂದು ಕೈಯಲ್ಲಿ ಗಿಟಾರಿನ ಪೆಟ್ಟಿಗೆ, ಇನ್ನೊಂದರಲ್ಲಿ ಕೂಡ್ಲಿಗಿಯ ಬಸ್‌ ಸ್ಟ್ಯಾಂಡಿನಲ್ಲಿ ಕೊಂಡ ಹೂವಿನ ಹಾರ. ಅಲ್ಲೇ ಪಕ್ಕದ ಕಟಿಂಗ್ ಅಂಗಡಿಯಲ್ಲಿ ತಲೆಯನ್ನೂ ಬೋಳಿಸಿಕೊಂಡು ಬಂದಿದ್ದ. ಮಗನಾದವನು ಮಾಡಬೇಕಾದ್ದನ್ನು ಮೊದಲೇ ಮುಗಿಸಿಬಿಟ್ಟರೆ ಊರಿನವರು ತಲೆಯನ್ನು ನೋಡುತ್ತಾರೆ, ಕಣ್ಣುಗಳನ್ನು ಅಷ್ಟಾಗಿ ನೋಡುವುದಿಲ್ಲ ಎಂದುಕೊಂಡಿದ್ದ.

ಗಾಳೆಮ್ಮ ತಲೆಯೆತ್ತಿದಳು. ಮೊದಲು ಹಾರವನ್ನು ನೋಡಿದಳು, ಆಮೇಲೆ ಮಗನ ಬೋಳುತಲೆಯನ್ನು. ಕೈ ನಿಂತಿತು.

“ತಲಿಗೆ ಅರಿವಿ ಹಾಕ್ಕೋ,” ಎಂದಳು. “ಮಂದಿ ನೋಡ್ಯಾರು.”

ಅವನಿಗೆ ಸಂತೋಷವಾಗಬೇಕಿತ್ತು. ಆದೀತೆಂದು ಸ್ವಲ್ಪ ಹೊತ್ತು ಕಾದ. ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಗಿಟಾರಿನ ಪೆಟ್ಟಿಗೆಯ ಮೇಲಿಟ್ಟ.

ಅಷ್ಟರಲ್ಲಿ ಪಕ್ಕೀರಪ್ಪ ಬಂದ. ತೀರಿಹೋದ ಚಿಕ್ಕಮ್ಮನ ಮಗ, ಕೂಡ್ಲಿಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅವ್ವ ಸತ್ತಳೆಂದು ತಂತಿ ಕೊಟ್ಟವನು ಅವನೇ.

“ಲೇ ಹುಲುಗ್ಯಾ! ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದಂಗಾತಲ್ಲಲೇ ಇದು!” ಎಂದು ನಕ್ಕ. ಯಾರೂ ನಗದಿದ್ದುದನ್ನು ನೋಡಿ ದನಿ ತಗ್ಗಿಸಿದ. “ಎರಡ್ನೇ ತಂತಿ ಮುಟ್ಟಲಿಲ್ಲೇನು?”

“ಯಾವ ಎರಡ್ನೇದು?”

ವಿಷಯ ಸರಳವಾಗಿತ್ತು. ಗಾಳೆಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಕಾಗೆಯೊಂದು ಬಂದು ನೆತ್ತಿ ಮುಟ್ಟಿ ಹೋಗಿತ್ತು. ಕಾಗೆ ಮುಟ್ಟಿದರೆ ಸಾವು. ಅದಕ್ಕೆ ಪರಿಹಾರವೂ ಇದೆ: ಸತ್ತರೆಂದು ಹತ್ತಿರದ ಕರುಳಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅತ್ತುಬಿಟ್ಟರೆ ಗಂಡಾಂತರ ಆ ಕಣ್ಣೀರಿನಲ್ಲೇ ಕಳೆಯುತ್ತದೆ. ಮಾಮೂಲಾಗಿ ಯಾರೋ ಒಬ್ಬರು ಚಿಗಟೇರಿಗೋ ಕೊಟ್ಟೂರಿಗೋ ಬಸ್ಸಿನಲ್ಲಿ ಹೋಗಿ ಹೇಳುತ್ತಾರೆ, ಅವರು ಎದೆ ಬಡಿದುಕೊಂಡು ಅತ್ತ ಮೇಲೆ ನಿಜ ಹೇಳಿ, ಬೈಸಿಕೊಂಡು, ಊಟ ಮಾಡಿ ಬರುತ್ತಾರೆ. ಪಕ್ಕೀರಪ್ಪನಿಂದ ಅಳುವ ಕೆಲಸ ಆಗುವಂತಿರಲಿಲ್ಲ. ಕಾಗೆ ಬಂದಾಗ ಅವನು ಅದೇ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಗಾಳೆಮ್ಮನಿಗೆ ಉಳಿದ ಕರುಳು ಒಂದೇ, ಅದು ಹ್ಯಾಂಬರ್ಗಿನಲ್ಲಿತ್ತು.

“ಮೂರು ದಿನ ಬಿಟ್ಟು ‘ಅವ್ವ ಆರಾಮ ಅದಾಳ’ ಅಂತ ಇನ್ನೊಂದು ಕೊಟ್ಟೆನಪ್ಪ,” ಎಂದ ಪಕ್ಕೀರಪ್ಪ. “ಪೋಸ್ಟಿನಾಗ ನಗ್ತಾರಂತ ಕಾಗಿ ಸುದ್ದಿ ಒಂದು ಬರೀಲಿಲ್ಲ.”

ಅದು ಹ್ಯಾಂಬರ್ಗಿನ ಮನೆಯ ಬಾಗಿಲ ಹಿಂದೆ ಬಿದ್ದಿರಬೇಕು. ಹುಲುಗಣ್ಣ ಆಗ ಬೇರೆ ಊರುಗಳಲ್ಲಿ ಹಾಡುತ್ತಿದ್ದ. ಕೊನೆಯ ಊರಿನಿಂದ ನೇರ ವಿಮಾನ ಹತ್ತಿದ್ದ.

“ಹತ್ತು ದಿನ ಆತು,” ಎಂದಳು ಗಾಳೆಮ್ಮ. “ವಿಮಾನ ಅಷ್ಟು ತಡಾ ಬರ್ತೈತೇನು?”

“ಕೆಲಸ ಇತ್ತವ್ವ.”

“ಹಾಡೋದಾ?”

“ಹೂಂ.”

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. “ಸುದ್ದಿ ಮುಟ್ಟಿದಾಗ ಅತ್ತಿಯೇನು?”

ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಅವಳ ಚೌಡಿಕೆ ತೂಗುತ್ತಿತ್ತು. ಎಲ್ಲಮ್ಮನ ಜೋಗತಿಯರು ನುಡಿಸುವ ಒಂಟಿ ತಂತಿಯ ವಾದ್ಯ. ತಂತಿ ಸಡಿಲವಾಗಿ ಜೋತುಬಿದ್ದಿತ್ತು.

ಸುದ್ದಿ ಬಂದ ಸಂಜೆ ಹ್ಯಾಂಬರ್ಗಿನಲ್ಲೇ ಅವನ ಕಾರ್ಯಕ್ರಮವಿತ್ತು. ಓದಿದ, ಮಡಚಿ ಗಿಟಾರಿನ ಪೆಟ್ಟಿಗೆಯಲ್ಲಿಟ್ಟ. ಕನ್ನಡಿಯ ಮುಂದೆ ಹತ್ತು ನಿಮಿಷ ಕೂತ. ಬಂದದ್ದು ಆಕಳಿಕೆ. ವೇದಿಕೆ ಹತ್ತಿದವನು, ಯಾಕೆಂದು ಅವನಿಗೇ ತಿಳಿಯದು, ‘ನನ್ನ ತಾಯಿ ತೀರಿಕೊಂಡಳಂತೆ’ ಎಂದುಬಿಟ್ಟ. ಆವತ್ತು ಮುನ್ನೂರು ಜನ ಅತ್ತರು. ಮುಂದಿನ ಊರಿನಲ್ಲೂ ಹೇಳಿದ. ಮೂರನೆಯ ಊರಿನಲ್ಲಿ ಆ ಮಾತನ್ನು ಕೊನೆಯ ಹಾಡಿಗೆ ಮುಂಚೆ ಹೇಳಿದರೆ ಚೆನ್ನಾಗಿ ಕೂಡುತ್ತದೆಂದು ಜಾಗ ಬದಲಿಸಿದ್ದ. ಈಗ ಅದು ನೆನಪಾಗಿ ನಾಚಿಕೆಯಾಯಿತು.

ಅವನು ಹಾಡುವುದು ಬ್ಲೂಸ್. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕರಿಯರ ದುಃಖದ ಹಾಡು. ಬಳ್ಳಾರಿಯಲ್ಲಿ ಬಿ.ಎ. ಓದುವಾಗ, ಗುಂತಕಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಗೆಳೆಯನೊಬ್ಬನ ತಂದೆಯ ಗ್ರಾಮಫೋನಿನಲ್ಲಿ ಮೊದಲ ಸಲ ಕೇಳಿದ. ಸ್ವರವನ್ನು ನೆಟ್ಟಗೆ ಮುಟ್ಟದೆ ಕೆಳಗಿನಿಂದ ಜಗ್ಗಿ ಮೇಲಕ್ಕೆ ತರುವ ಆ ರೀತಿ ಅವ್ವನ ಚೌಡಿಕೆಯದೇ ಆಗಿತ್ತು. ಗಿಟಾರು ಕಲಿತ. ಬೊಂಬಾಯಿಯ ಹೋಟೆಲುಗಳು, ಎರಡು ವರ್ಷ ಪ್ರಯಾಣಿಕರ ಹಡಗು, ಎಪ್ಪತ್ತಾರರಲ್ಲಿ ಹ್ಯಾಂಬರ್ಗ್. ಅಲ್ಲಿಯವರ ಬಾಯಲ್ಲಿ ಅವನು ಬರೀ ಹೂಲು. ಅವನ ದನಿಯಲ್ಲಿ ಸಾವಿರ ವರ್ಷಗಳ ನೋವಿದೆಯೆಂದು ಪತ್ರಿಕೆಯೊಂದು ಬರೆದಿತ್ತು. ಆ ತುಣುಕನ್ನು ಕತ್ತರಿಸಿಟ್ಟುಕೊಂಡು ಒಳಗೆಲ್ಲ ತಡಕಾಡಿ ನೋಡಿದ್ದ. ಏನೂ ಸಿಕ್ಕಿರಲಿಲ್ಲ.

“ಅತ್ತೆನವ್ವ,” ಎಂದ.

“ಒಬ್ಬನ ಇದ್ದಾಗೋ, ಮಂದಿ ಮುಂದೋ?”

“ಮಂದಿ ಮುಂದ.”

“ಮಂದಿ ಅತ್ರೇನು?”

“ಅತ್ರು.”

“ಹಂಗಾರ ನೀ ಅತ್ತಿಲ್ಲ.”

ಅವನಿಗೆ ತೊಡೆಯ ಮೇಲೆ ಚಿವುಟಿದಂತಾಯಿತು. ಆರು ವರ್ಷದವನಿದ್ದಾಗ ಚಿಗಟೇರಿಯಲ್ಲಿ ಚಿವುಟಿದ್ದಳು. ಅವ್ವ ಎಲ್ಲಮ್ಮನ ಕತೆ ಹಾಡುತ್ತಿದ್ದಳು. ಅಪ್ಪನ ಮಾತಿಗೆ ಮಗ ತಾಯಿಯ ತಲೆ ಕಡಿಯುವ ಜಾಗ ಬಂದಿತ್ತು. ಹಿಂದೆ ನಿಂತು ಸೊಲ್ಲಿಗೆ ಸೊಲ್ಲು ಕೊಡಬೇಕಾದವನು ಬಿಕ್ಕಿ ಅತ್ತುಬಿಟ್ಟಿದ್ದ. ಹಾಡು ನಿಲ್ಲಿಸದೆ ಕೈ ಹಿಂದೆ ಚಾಚಿ ಚಿವುಟಿದ್ದಳು. ಆಮೇಲೆ ನೀಲಿಗಟ್ಟಿದ ಜಾಗಕ್ಕೆ ಎಣ್ಣೆ ಹಚ್ಚುತ್ತ ಹೇಳಿದ್ದಳು: “ಅಳೋದು ಕೇಳೋರ ಕೆಲ್ಸ, ನಮ್ದಲ್ಲ. ನಾವು ಅತ್ರ ಸೊಲ್ಲು ಒಡೀತೈತಿ.” ಅವನು ಮತ್ತೆಂದೂ ಅತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಜಾಗದಲ್ಲಿ ಮಾಸ್ತರರು ಗೆರೆ ಎಳೆದಾಗಲೂ ಇಲ್ಲ.

“ಈಗರೆ ಅಳಲೇ, ಏನಾಗ್ತೈತಿ?” ಎಂದ ಪಕ್ಕೀರಪ್ಪ.

ಬಾಗಿಲಿಗೆ ಬಂದು ನಿಂತಿದ್ದ ಪಕ್ಕದ ಮನೆಯ ಹಂಪಮ್ಮ ಕೇಳಿದಳು, “ಸುಳ್ಳು ಅಂತ ತಿಳಿದ ಮ್ಯಾಲ ಅತ್ರ ನಡೀತೈತೇನಬೇ?”

“ನಡೀತೈತಿ. ಕರುಳಿನಿಂದ ಬಂದ್ರ ನಡೀತೈತಿ.” ಗಾಳೆಮ್ಮ ಮಗನ ಕಡೆ ತಿರುಗಿದಳು. “ನನಗ ಸಾಯಾಕ ಅಂಜಿಕಿಲ್ಲೋ ತಮ್ಮಾ. ಅಳೋರಿಲ್ಲದಂಗ ಹೋಗಾಕ ಅಂಜಿಕಿ ಐತಿ.”

ಅವನು ಪೆಟ್ಟಿಗೆಯ ಮೇಲಿನ ಹಾರವನ್ನು ಬದಿಗೆ ಸರಿಸಿದ.

“ಕುಂದ್ರು,” ಎಂದಳು. “ನಾ ಹಾಡ್ತೀನಿ. ನೀ ಹಾಡಬ್ಯಾಡ. ಬರೇ ಕೇಳು.”

ಹುಲುಗಣ್ಣ ಒಲೆಯ ಈಚೆ ಕೂತ. ಅವಳ ಹಾಡನ್ನು ಎದುರಿಗೆ ಕೂತು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಯಾವಾಗಲೂ ಅವಳ ಬೆನ್ನನ್ನೇ ನೋಡಿದ್ದ. ಅವಳು ಚೌಡಿಕೆ ಮುಟ್ಟಲಿಲ್ಲ. ಹಿಟ್ಟಿನ ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯುತ್ತ, ಆ ಬಡಿತಕ್ಕೇ, ಅದೇ ಕತೆ ಎತ್ತಿಕೊಂಡಳು. ಕಣ್ಣು ಅವನ ಕಣ್ಣಿನ ಮೇಲಿತ್ತು.

ದನಿ ಮುದಿಯಾಗಿತ್ತು, ಅಲ್ಲಲ್ಲಿ ಗಾಳಿ ಸೇರಿತ್ತು. ಆದರೂ ಸ್ವರ ಕೆಳಗಿನಿಂದ ಜಗ್ಗಿಕೊಂಡೇ ಮೇಲೆ ಬರುತ್ತಿತ್ತು. ಹಂಪಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಪಕ್ಕೀರಪ್ಪ ಗೋಡೆಯ ಕಡೆ ತಿರುಗಿ ಮೂಗು ಸೀಟಿಕೊಂಡ. ಹಾಡಿನಲ್ಲಿ ಮಗ ಕೊಡಲಿ ಎತ್ತಿದ. ನೆಲಕ್ಕೆ ಬಿದ್ದ ತಲೆ ಮಗನನ್ನು ನೋಡಿ, ‘ಉಂಡೆಯಾ, ಮಗಾ?’ ಎಂದು ಕೇಳಿತು. ಸೊಲ್ಲು ಮುಗಿಯಿತು.

ಅಲ್ಲೊಂದು ತೆರಪಿತ್ತು. ಮೂವತ್ತು ವರ್ಷಗಳ ಹಿಂದೆ ಅದು ಅವನ ಜಾಗ. ಸುಮ್ಮನಿರಬೇಕೆಂದು ಹಲ್ಲು ಕಚ್ಚಿದ. ಬಾಯಿ ತಾನಾಗಿ ತೆರೆಯಿತು. ಅವಳು ಬಿಟ್ಟ ಸ್ವರವನ್ನೇ ಹಿಡಿದು, ಕೆಳಗಿನಿಂದ ಜಗ್ಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದ. ದನಿ ಎಲ್ಲೂ ಒಡೆಯಲಿಲ್ಲ. ಒಡೆಯಲಿಲ್ಲವೆಂಬುದನ್ನು ಗಮನಿಸಿದ ಕೂಡ.

ಗಾಳೆಮ್ಮನ ಬಡಿತ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು.

ಅವಳು ಕೂತಲ್ಲಿಂದಲೇ ಮುಂದೆ ಸರಿದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಒಣಹಿಟ್ಟು ಹತ್ತಿದ ಹೆಬ್ಬೆರಳನ್ನು ಒಂದು ಕಣ್ಣಿನ ಕೆಳಗೆ ನಿಧಾನವಾಗಿ ಎಳೆದಳು. ಆಮೇಲೆ ಇನ್ನೊಂದರ ಕೆಳಗೆ. ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

ಜೋಳದ ಹಿಟ್ಟು ಎಲ್ಲೂ ಒದ್ದೆಯಾಗಿ ಅಂಟಿರಲಿಲ್ಲ. ಅವನ ಕರಿಯ ಅಂಗಿಯ ಮೇಲೆ ಪುಡಿಪುಡಿಯಾಗಿ ಉದುರುತ್ತಿತ್ತು.