ಕ್ಷೌರದ ಕುರ್ಚಿಗೊಂದು ಒದೆ

ರೂಫಸ್ ಟ್ರಾಸ್ಕ್‌ಗೆ ಬೆಳಗಿನ ಬಿಸಿಲು ಕಂಡರಾಗದು, ಹಕ್ಕಿ ಕೂಗಿದರಾಗದು, ‘ಹೇಗಿದ್ದೀರಿ’ ಎಂದು ಯಾರಾದರೂ ಕೇಳಿದರಂತೂ ಮೈಯೆಲ್ಲ ಉರಿ. ಹಾಲಿವುಡ್‌ನಲ್ಲಿ ಈ ಮೂರಕ್ಕೂ ಬರವಿರಲಿಲ್ಲ. ಊರೂರು ಸುತ್ತಿ ರಂಗದ ಮೇಲೆ ಸಿಡುಕಿಯೇ ಜನರನ್ನು ನಗಿಸಿದವನು, ಮೂಕಿ ಚಿತ್ರಗಳಲ್ಲಿ ಹುಬ್ಬು ಗಂಟಿಕ್ಕಿ ಹೆಸರು ಮಾಡಿದವನು. ಈಗ ಚಿತ್ರಗಳಿಗೆ ಮಾತು ಬಂದಿತ್ತು. ಅವನ ಹಳೆಯ ಕ್ಷೌರದಂಗಡಿಯ ಪ್ರಹಸನವನ್ನೇ ಚಿತ್ರ ಮಾಡೋಣವೆಂದು ಸ್ಟುಡಿಯೋದವರು ಕೇಳಿದಾಗ ರೂಫಸ್ ಒಂದೇ ಪಟ್ಟು ಹಿಡಿದ: ಕ್ಷೌರಿಕನ ಪಾತ್ರಕ್ಕೆ ಹಳೆಯ ಜೊತೆಗಾರ ಡೆಲ್ಬರ್ಟ್ ಫೆನರ್‌ನೇ ಬೇಕು.

“ಎಂಟು ವರ್ಷದಿಂದ ನೀವಿಬ್ರೂ ಮಾತೇ ಆಡಿಲ್ವಂತಲ್ಲ?” ಎಂದ ನಿರ್ದೇಶಕ ಹಾಲೊರನ್.

“ಮಾತಾಡೋಕೆ ಕರೀರಿ ಅಂದ್ನಾ? ಕ್ಷೌರ ಮಾಡೋಕೆ ಕರೀರಿ ಅಂದೆ.”

ಡೆಲ್ಬರ್ಟ್ ಟೊಲೀಡೊದಿಂದ ರೈಲು ಹತ್ತಿ ಬಂದ. ತಲೆ ಪೂರ್ತಿ ನರೆತಿತ್ತು, ಕೈಯ ಹದ ಮಾತ್ರ ಹಾಗೇ ಇತ್ತು. ಆದರೆ ತಾಲೀಮಿನಲ್ಲಿ ಅವನ ಮಾತು ಒಂದು ಉಸಿರಿನಷ್ಟು ತಡವಾಗಿ ಬೀಳುತ್ತಿತ್ತು. ನಗೆ ಸಾಯಲು ಅಷ್ಟು ಸಾಕು. ರೂಫಸ್ ಬಾಯಿಗೆ ಬಂದಂತೆ ಬೈದ.

ಮಧ್ಯಾಹ್ನ ಊಟದ ಸಾಲಿನಲ್ಲಿ ಡೆಲ್ಬರ್ಟ್ ಮುಂದಿದ್ದ. ರೂಫಸ್ ಬೆನ್ನ ಹಿಂದಿನಿಂದ ಕೆಣಕಿದ: “ಏನಯ್ಯಾ ಡೆಲ್, ನಿನ್ನ ತಾಳಾನೂ ನಿನ್ನ ಹೆಂಡ್ತಿ ಜೊತೇಲೇ ಓಡಿಹೋಯ್ತಾ?”

ಹಿಂದೊಮ್ಮೆ ಹೆಂಡತಿಯ ಮಾತೆತ್ತಿದ್ದಕ್ಕೇ ಡೆಲ್ಬರ್ಟ್ ಅವನ ಮೂಗಿಗೆ ಗುದ್ದಿದ್ದ. ಈಗ ಸುಮ್ಮನೆ ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ. ರೂಫಸ್ ಇನ್ನೂ ಜೋರಾಗಿ ಅಂದ. ಡೆಲ್ಬರ್ಟ್‌ನ ಕುತ್ತಿಗೆಯೂ ಅಲುಗಲಿಲ್ಲ. ರೂಫಸ್ ಸಾಲು ಬಿಟ್ಟು ಮುಂದೆ ಹೋದ. ಎದುರಿಗೆ ಬಂದು ಮೆಲ್ಲಗೆ ಕೇಳಿದ: “ಆಲೂಗಡ್ಡೆ ಹೇಗಿದೆ?”

ಡೆಲ್ಬರ್ಟ್‌ನ ಕಣ್ಣು ಅವನ ತುಟಿಯ ಮೇಲೇ ನೆಟ್ಟಿತ್ತು. “ಉಪ್ಪು ಕಮ್ಮಿ,” ಎಂದ.

ರೂಫಸ್ ಯಾರಿಗೂ ಬಾಯಿ ಬಿಡಲಿಲ್ಲ. ಡೆಲ್ಬರ್ಟ್‌ನ ಕಿವಿ ಹೋಗಿದೆಯೆಂದು ಗೊತ್ತಾದರೆ ಸ್ಟುಡಿಯೋದವರು ಅವತ್ತೇ ರೈಲು ಹತ್ತಿಸುತ್ತಾರೆ. ಆದರೆ ನಾಳಿನ ದೃಶ್ಯದಲ್ಲಿ ಗಿರಾಕಿಯಾಗಿ ಕೂತ ರೂಫಸ್‌ನ ಮುಖ ಬಿಸಿ ಟವೆಲಿನೊಳಗಿರುತ್ತದೆ. ಕುರ್ಚಿಯ ಹಿಂದೆ ನಿಂತ ಡೆಲ್ಬರ್ಟ್ ಯಾರ ತುಟಿ ನೋಡಬೇಕು?

ಮರುದಿನ ಕ್ಯಾಮೆರಾ ತಿರುಗಿತು. ರೂಫಸ್ ಟವೆಲಿನೊಳಗಿಂದ ಗೊಣಗಿ, ಮಾತು ಮುಗಿದೊಡನೆ ಕುರ್ಚಿಯ ಕಬ್ಬಿಣದ ಕಾಲ್ಮಣೆಯನ್ನು ಹಿಮ್ಮಡಿಯಿಂದ ಒದ್ದ. ಕುರ್ಚಿ ಅದುರಿತು. ಅದರ ಬೆನ್ನಿನ ಮೇಲಿದ್ದ ಡೆಲ್ಬರ್ಟ್‌ನ ಎಡಗೈಗೆ ಆ ಅದುರು ತಾಗಿತು. ಒಂದು ಕ್ಷಣ ಅವನು ಬೆಪ್ಪಾದ. ಆಮೇಲೆ ಮಾತು ಸರಿಯಾದ ಜಾಗದಲ್ಲಿ ಬಿತ್ತು. ಮತ್ತೆ ಒದೆ, ಮತ್ತೆ ಮಾತು.

“ನಿಲ್ಸಿ!” ಧ್ವನಿ ನೋಡಿಕೊಳ್ಳುವವನು ಕಿವಿಯಿಂದ ಯಂತ್ರ ಕಿತ್ತುಕೊಂಡು ಓಡಿಬಂದ. “ಸಿಡ್ಲು ಬಡಿದ ಹಾಗಾಗ್ತಿದೆ!”

“ಯಾಕೆ ಒದೀತೀರಿ ಯಜಮಾನ್ರೇ?” ಎಂದ ಹಾಲೊರನ್.

“ಕತ್ತಿನ ಮೇಲೆ ಕತ್ತಿ ಇಟ್ಕೊಂಡು ನಿಂತಿದಾನೆ, ಮುತ್ತು ಕೊಡ್ಲಾ?”

ದೀಪ ಹಿಡಿದವರೆಲ್ಲ ನಕ್ಕರು. ಹಾಲೊರನ್‌ಗೂ ನಗು ತಡೆಯಲಾಗಲಿಲ್ಲ. ಸದ್ದಾಗದಂತೆ ಕಾಲ್ಮಣೆಗೆ ದಪ್ಪ ಫೆಲ್ಟ್ ಬಟ್ಟೆ ಸುತ್ತಿಸಿ, ಒದೆಯನ್ನು ಹಾಗೇ ಉಳಿಸಿಕೊಂಡ.

ಸಂಜೆ ಡೆಲ್ಬರ್ಟ್ ರೂಫಸ್‌ನ ಮನೆ ಬಾಗಿಲಿಗೆ ಬಂದು ನಿಂತ. ರೂಫಸ್ ಊದಿದ ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಕೂತಿದ್ದ.

“ಗೊತ್ತಾಯ್ತಾ ನಿಂಗೆ?”

“ಏನು ಗೊತ್ತಾಗೋದು? ನೀನು ಯಾವತ್ತೂ ದಡ್ಡನೇ.”

ಡೆಲ್ಬರ್ಟ್ ಕುರ್ಚಿಯೆಳೆದು ಕೂತ. ಎಡಗಿವಿ ಮೂರು ವರ್ಷದ ಹಿಂದೆ ಹೋಯಿತು, ಬಲಗಿವಿ ಹೋದ ಚಳಿಗಾಲದಲ್ಲಿ ಎಂದ. ಇದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

ಚಿತ್ರ ಗೆದ್ದಿತು. ಜನ ಆ ಒದೆಗೇ ಬಿದ್ದು ಬಿದ್ದು ನಕ್ಕರು. ಅದು ಯಾರಿಗೆ ಹೊಳೆದದ್ದೆಂದು ಪತ್ರಿಕೆಯವನು ಕೇಳಿದ್ದಕ್ಕೆ ರೂಫಸ್, “ಆ ಫೆನರ್‌ಗೆ. ಅವನ ತಲೇಲಿ ಬರೀ ಇಂಥದ್ದೇ. ನನ್ನ ಕಾಲು ಹೋಯ್ತು,” ಎಂದು ಗೊಣಗಿದ.

ಆ ಹೆಸರಿನ ಮೇಲೆ ಡೆಲ್ಬರ್ಟ್‌ಗೆ ಇನ್ನೂ ಮೂರು ಚಿತ್ರ ಸಿಕ್ಕವು. ಆ ಪತ್ರಿಕೆ ಹಿಡಿದು ಅವನು ಜಗಳಕ್ಕೇ ಬಂದ. “ಸುಳ್ಳು ಯಾಕೆ ಹೇಳ್ದೆ?”

“ಹಾಗಾದ್ರೆ ನಾನ್ಯಾಕೆ ಒದ್ದೆ ಅಂತ ಪತ್ರಿಕೆಯವರಿಗೆ ಕಾಗದ ಬರಿ. ಮೊದಲು ಕೂತ್ಕೊ, ಸೇಬಿನ ಕಡುಬು ತಣ್ಣಗಾಗ್ತಿದೆ.”