ಮಗಳ ರಕ್ತಕ್ಕೆ ಅಪ್ಪನ ಕಾವಲು

ಸಂಡೂರಿನ ಗಣಿ ಗೇಟಿನಲ್ಲಿ ಕಾವಲುಗಾರ ಮೈಲಾರಲಿಂಗಪ್ಪನ ಕಣ್ಣು ತಪ್ಪಿಸಿ ಒಂದು ಲಾರಿಯೂ ಹೋದದ್ದಿಲ್ಲ. ಪರ್ಮಿಟ್ಟು ಇಲ್ಲವೆಂದರೆ ಮಾಲೀಕನೇ ಬಂದು ನಿಂತರೂ ಅವನು ಗೇಟು ಎತ್ತುತ್ತಿರಲಿಲ್ಲ. ಅಂಥ ಗಟ್ಟಿಗ, ಒಬ್ಬಳೇ ಮಗಳು ಕಾವ್ಯಳಿಗೆ ರಕ್ತದ ಕ್ಯಾನ್ಸರ್ ಎಂದಾಗ ಕುಸಿದು ಕುಳಿತ. ಔಷಧಕ್ಕೆ ರೋಗ ಸದ್ಯ ಅಡಗಿದೆ, ಮತ್ತೆ ತಲೆ ಎತ್ತಬಾರದೆಂದರೆ ಇನ್ನೊಬ್ಬರ ಅಸ್ಥಿಮಜ್ಜೆಯ ಕಣ ಹಾಕಬೇಕು ಎಂದರು ವೈದ್ಯರು.

ಅವನಿಗೆ ಒಂದೇ ಧೈರ್ಯ. ಅಕ್ಕನ ಮಗಳು ಹೊಳೆಮ್ಮನನ್ನೇ ಮದುವೆಯಾದವನು ಅವನು. ಮನೆಯೆಲ್ಲ ಒಂದೇ ರಕ್ತ, ಯಾರದಾದರೂ ಪೂರಾ ಹೊಂದುತ್ತದೆ ಎಂಬ ಜಂಬ. ಪರೀಕ್ಷೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಅರ್ಧವೇ ಹೊಂದಿತು. ಆದರೂ ಅವನ ಕಣವೇ ಬೇಕು ಎಂದರು ವೈದ್ಯರು. ಅವನು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದ.

ಆಸ್ಪತ್ರೆಗೆ ಜೊತೆಗೆ ಬಂದಿದ್ದ ಓಣಿಯ ನರ್ಸ್ ಶೈಲಜಾ ಬಿಡಲಿಲ್ಲ.

"ಅರ್ಧಾ ಹೊಂದಿದ್ದು ಕೊಟ್ಟು ಮಗಳ ಜೀವ ತೆಗೀಲೇನು ತಂಗೀ? ನಾ ಒಲ್ಲೆ," ಎಂದ ಅವನು.

"ಅಣ್ಣಾ, ಮಕ್ಕಳು ಅಪ್ಪಂದು ಅರ್ಧ, ಅವ್ವಂದು ಅರ್ಧ ತಗೊಂಡೇ ಹುಟ್ಟತಾವ. ಅದ್ರಾಗ ಅವಮಾನ ಏನೈತ್ರಿ? ಲಾರಿ ಬಂದ್ರ ನೀವು ಏನ್ ನೋಡ್ತೀರಿ?"

"ಪರ್ಮಿಟ್ಟು. ಇಲ್ಲಂದ್ರ ತಡೀತೀನಿ."

"ನಿಮ್ಮ ರಕ್ತದಾಗೂ ಅಂಥಾ ಕಾವಲುಗಾರರು ಅದಾರ. ನ್ಯಾಚುರಲ್ ಕಿಲ್ಲರ್ ಕಣ ಅಂತಾರ. ಅವುಕ್ಕ ರಿಸೆಪ್ಟರ್ ಅನ್ನೋ ಕಣ್ಣು ಐತಿ. ಎದುರಿನ ಕಣದ ಮ್ಯಾಲೆ ತಮಗ ಗೊತ್ತಿರೋ ಗುರುತು ಇದ್ರ ಬಿಡ್ತಾವ, ಇಲ್ಲಂದ್ರ ಕೊಲ್ಲಾಕ ನಿಲ್ತಾವ. ನಿಮ್ಮಲ್ಲಿರೋ ಒಂದು ಗುರುತು ಕಾವ್ಯಾಗ ಬಂದಿಲ್ಲ, ಆಕಿ ಕ್ಯಾನ್ಸರ್ ಕಣದ ಮ್ಯಾಲೂ ಇಲ್ಲ. ಅದಕ್ಕ ಅಡಗಿರೋ ಕ್ಯಾನ್ಸರ್ ಕಣ ನಿಮ್ಮ ಕಾವಲಿನ ಕೈಗೆ ಸಿಗಬೌದು. ಹೊಳೆಮ್ಮಕ್ಕನ ಕಣದಾಗ ಆ ಅನುಕೂಲ ಇಲ್ರಿ."

"ನನ್ನ ಕಣ ಮಗಳ ಒಳ್ಳೆ ಕಣಕ್ಕೂ ಕೈ ಹಚ್ಚಿದ್ರ?"

"ಈ ಕಣ ಹಂಗ ಮಾಡೂದು ಕಡಿಮಿ. ನಿಮ್ಮ ರಕ್ತದಾಗಿನ ಬ್ಯಾರೆ ಕಣ ತ್ರಾಸ ಕೊಡ್ತಾವ, ಅದಕ್ಕ ಔಷಧ ಐತಿ. ಗ್ಯಾರಂಟಿ ಯಾರೂ ಕೊಡಂಗಿಲ್ಲ. ಆದ್ರ ಪರೀಕ್ಷೆ ಮಾಡೇ ನಿಮ್ಮನ್ನ ಆರಿಸ್ಯಾರ."

ಮೈಲಾರಲಿಂಗಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ.

"ನಡೀರಿ. ನನ್ನ ಗೇಟಿನಾಗ ಒಂದೂ ತಪ್ಪಿಸ್ಕೊಂಡಿಲ್ಲ."

ಕಣ ಕೊಟ್ಟವನು ಬೇಗನೆ ಕೆಲಸಕ್ಕೆ ಮರಳಿದ. ಕಾವ್ಯ ತಿಂಗಳುಗಟ್ಟಲೆ ಕಷ್ಟಪಟ್ಟು ಗೆದ್ದಳು. ಈಗ ಅವಳ ಶಾಲೆ ಬಸ್ಸು ಗೇಟಿನ ಮುಂದೆ ಹಾದರೆ ಮೈಲಾರಲಿಂಗಪ್ಪ ಎದ್ದು ನಿಲ್ಲುತ್ತಾನೆ. ಲಾರಿ ಡ್ರೈವರುಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಾನೆ: "ನಂದು ಎರಡು ಕಡೆ ಡ್ಯೂಟಿ ನೋಡ್ರಿ. ಇಲ್ಲೊಂದು, ಮಗಳ ಮೈಯಾಗೊಂದು."

ಬಂಧುಗಳೇ, ಒಂದೇ ರಕ್ತವೆಂದು ಪರೀಕ್ಷೆ ಬಿಡಬೇಡಿ. ಅರ್ಧವೇ ಹೊಂದಿತೆಂದು ಹಿಂದೆ ಸರಿಯಲೂ ಬೇಡಿ. ವೈದ್ಯರನ್ನು ಕೇಳಿ, ಧೈರ್ಯವಾಗಿ ತೋಳು ಚಾಚಿ. ನಿಮ್ಮೊಳಗಿನ ಕಾವಲುಗಾರರ ದಾರಿಯನ್ನು ನಿಮ್ಮ ಮನೆಯ ಮಗುವೇ ಕಾಯುತ್ತಿರಬಹುದು.